ಬಾಗಿಲಿಗೆ ಕಟ್ಟಿದ ಕೆಂಪು ಬಟ್ಟೆ

“ತೀರ್ಮಾನ ಹೇಳಬೇಕಾದವನು ಎಲ್ಲರಿಂದ ಸ್ವಲ್ಪ ದೂರ ಕೂತಿರಬೇಕು ಎಂದು ನಮ್ಮ ತಂದೆ ಹೇಳುತ್ತಿದ್ದರು, ಬುದ್ಧಿ. ಊರಿನ ಜಗಳಗಳನ್ನು ಬಗೆಹರಿಸುತ್ತಿದ್ದವರು ಅವರು. ಊಟದ ಹೊತ್ತಿನಲ್ಲೂ ನಮ್ಮಿಂದ ಬೇರೆಯೇ ಕೂರುತ್ತಿದ್ದರು. ಚಿಕ್ಕವನಾಗಿದ್ದಾಗ ನಾನು ಆ ಮಾತನ್ನು ನಂಬಿದೆ. ದೊಡ್ಡವನಾದ ಮೇಲೆ ಹಾಗೆಯೇ ಬದುಕಿದೆ. ಈಗ ಅನುಮಾನ ಬಂದಿದೆ. ದೂರ ಕೂತವನಿಗೆ ಸರಿಯಾಗಿ ಕಾಣುತ್ತದೆಯೇ?”

ಹೀಗೆ ಕೇಳಿದವನು ಶಂಭುಲಿಂಗ. ಮಠದ ಆಸ್ಪತ್ರೆಯ ಆಡಳಿತ ಅವನ ಕೈಯಲ್ಲಿತ್ತು. ಸಂಜೆಯ ಪ್ರಾರ್ಥನೆ ಮುಗಿದಿತ್ತು. ಜಗಲಿಯ ಮೇಲೆ ಗುರುಗಳ ಎದುರಿಗೆ ಅವನೊಬ್ಬನೇ ಕೂತಿದ್ದ. ಆಸ್ಪತ್ರೆಯ ವೈದ್ಯರೂ ದಾದಿಯರೂ ಅವನ ಹಿಂದೆ, ಸಾಕಷ್ಟು ಜಾಗ ಬಿಟ್ಟು ಕೂತಿದ್ದರು. ಅವರ ನಡುವೆ ದಾಕ್ಷಾಯಿಣಿ ಎಂಬ ದಾದಿ ತಲೆ ತಗ್ಗಿಸಿದ್ದಳು. ಒಬ್ಬ ರೋಗಿಗೆ ಕೊಡಬೇಕಾದ ಇಂಜೆಕ್ಷನ್ನನ್ನು ಅವಳು ಇನ್ನೊಬ್ಬ ರೋಗಿಗೆ ಕೊಟ್ಟಿದ್ದಳು. ರೋಗಿ ಹೇಗೋ ಬದುಕಿಕೊಂಡಿದ್ದ. ಅವಳನ್ನು ಕೆಲಸದಿಂದ ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನು ಶಂಭುಲಿಂಗ ಮರುದಿನ ಹೇಳಬೇಕಾಗಿತ್ತು.

“ನಿನಗೆ ಕಾಣದಿರುವುದು ಏನು?” ಎಂದು ಗುರುಗಳು ಕೇಳಿದರು.

“ಅದೇ ತಿಳಿಯುತ್ತಿಲ್ಲ. ಆಸ್ಪತ್ರೆಯಲ್ಲಿ ವ್ಯರ್ಥವಾಗುತ್ತಿದ್ದುದನ್ನೆಲ್ಲ ತೆಗೆದುಹಾಕಿದ್ದೇನೆ. ಬೇಡದ ಓಡಾಟವಿಲ್ಲ, ಬೇಡದ ಸಾಲಿಲ್ಲ, ಬೇಡದ ದಾಸ್ತಾನಿಲ್ಲ. ಹೊರಗಿನವರು ನೋಡಿ ಹೊಗಳುತ್ತಾರೆ. ಆದರೆ ಏನಾದರೂ ಕೆಟ್ಟರೆ ಆ ಸುದ್ದಿ ಎಲ್ಲರಿಗೂ ತಲುಪಿದ ಮೇಲೆ ನನಗೆ ತಲುಪುತ್ತದೆ. ನಾನು ಕ್ಯಾಂಟೀನಿಗೆ ಹೋಗಿ ಕೂತರೆ ಪಕ್ಕದ ಮೇಜು ಖಾಲಿಯಾಗುತ್ತದೆ. ಇದು ತೀರ್ಮಾನ ಮಾಡುವವನ ಹಣೆಬರಹವೇ? ಅಥವಾ ನನ್ನ ತೀರ್ಮಾನಗಳಲ್ಲೇ ಏನಾದರೂ ದೋಷವಿದೆಯೇ?”

ಗುರುಗಳು ಉತ್ತರವಾಗಿ ಈ ಕತೆಯನ್ನು ಹೇಳಿದರು.

ಒಂದು ಪಟ್ಟಣದಲ್ಲಿ ಒಂದು ದೊಡ್ಡ ವೈದ್ಯಶಾಲೆಯಿತ್ತು. ಅದರ ಆಡಳಿತಕ್ಕೆ ಒಬ್ಬ ಯಜಮಾನನನ್ನು ನೇಮಿಸಿದರು. ಅವನು ವೈದ್ಯನಲ್ಲ. ಆದರೆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ನೋಡಬಲ್ಲವನಾಗಿದ್ದ. ನೀರಿನ ಹಂಡೆ ಅಂಗಳದ ಆಚೆ ತುದಿಯಲ್ಲಿತ್ತು. ಅದನ್ನು ರೋಗಿಗಳ ಕೋಣೆಯ ಬಳಿಗೆ ತರಿಸಿದ. ಕಷಾಯ ಕಾಯಿಸುವ ಒಲೆ ಒಂದು ಕಡೆ, ಬೇರುಗಳ ಕಣಜ ಇನ್ನೊಂದು ಕಡೆ ಇದ್ದವು. ಎರಡನ್ನೂ ಒಂದೇ ಸೂರಿನ ಕೆಳಗೆ ತಂದ. ರೋಗಿಗಳು ಕಾಯುವುದು ಕಡಿಮೆಯಾಯಿತು. ಆರೈಕೆ ಮಾಡುವ ಹೆಂಗಸರ ಕಾಲುನೋವು ಕಡಿಮೆಯಾಯಿತು. ಜನ ಅವನನ್ನು ಹರಸಿದರು.

ಆದರೂ ತಪ್ಪುಗಳು ನಡೆಯುತ್ತಿದ್ದವು. ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗುತ್ತಿತ್ತು. ಕಟ್ಟು ಬಿಚ್ಚಬೇಕಾದ ಗಾಯ ಹಾಗೆಯೇ ಉಳಿಯುತ್ತಿತ್ತು. ಇದಕ್ಕೇನು ಮಾಡಬೇಕೆಂದು ಯೋಚಿಸುತ್ತಿದ್ದಾಗ ಅವನು ಒಮ್ಮೆ ಒಬ್ಬ ನೇಕಾರನ ಮನೆಗೆ ಹೋದ. ನೇಕಾರ ಸೀರೆ ನೇಯುತ್ತಿದ್ದ. ಹಾಸಿನ ಒಂದು ಎಳೆ ತುಂಡಾಯಿತು. ನೇಕಾರ ತಕ್ಷಣ ಮಗ್ಗ ನಿಲ್ಲಿಸಿದ.

“ಒಂದು ಎಳೆಗಾಗಿ ಇಡೀ ಮಗ್ಗವನ್ನು ನಿಲ್ಲಿಸಬೇಕೇ?” ಎಂದು ಯಜಮಾನ ಕೇಳಿದ.

“ನಾನು ಈಗ ನಿಲ್ಲಿಸದಿದ್ದರೆ ಸೀರೆ ಉಟ್ಟವಳ ಅತ್ತೆ ನಾಳೆ ನನ್ನನ್ನ ಬೀದಿಯಲ್ಲಿ ನಿಲ್ಲಿಸ್ತಾಳೆ, ಸ್ವಾಮಿ” ಎಂದು ನೇಕಾರ ನಕ್ಕ. ಬೆರಳು ಒದ್ದೆ ಮಾಡಿಕೊಂಡು ಎರಡು ತುದಿಗಳನ್ನು ಹೊಸೆದು ಕೂಡಿಸಿದ. ಮಗ್ಗ ಮತ್ತೆ ಓಡಿತು.

ಯಜಮಾನ ವೈದ್ಯಶಾಲೆಗೆ ಬಂದು ಒಂದು ಕಟ್ಟಳೆ ಮಾಡಿದ. ಪ್ರತಿ ಕೋಣೆಗೂ ಒಂದು ಕೆಂಪು ಬಟ್ಟೆ ಕೊಟ್ಟ. ತಪ್ಪು ಕಂಡವರು ಯಾರೇ ಆಗಿರಲಿ, ವೈದ್ಯನಾಗಲಿ ಕಸ ಗುಡಿಸುವವಳಾಗಲಿ, ಅದನ್ನು ಬಾಗಿಲಿಗೆ ಕಟ್ಟಬೇಕು. ಕಟ್ಟಿದೊಡನೆ ಆ ಕೋಣೆಯ ಕೆಲಸ ನಿಲ್ಲಬೇಕು. ಯಜಮಾನ ತಾನೇ ಬಂದು ನೋಡಿ, ಸರಿಪಡಿಸಿ, ಬಟ್ಟೆಯನ್ನು ಬಿಚ್ಚಿದ ಮೇಲೆ ಕೆಲಸ ಮುಂದುವರಿಯಬೇಕು.

ಮೊದಲು ಬಟ್ಟೆಗಳು ದಿನವೂ ಕಟ್ಟಲ್ಪಟ್ಟವು. ಯಜಮಾನ ದಿನವೂ ಓಡಿದ. ಎರಡು ಕಷಾಯಗಳನ್ನು ಒಂದೇ ಬಗೆಯ ಗಡಿಗೆಯಲ್ಲಿ ಇಟ್ಟಿದ್ದರು. ಅವನು ಗಡಿಗೆ ಬದಲಿಸಿದ. ದೀಪ ಹಾಸಿಗೆಗೆ ತೀರ ಹತ್ತಿರವಿತ್ತು. ಗೂಡನ್ನು ಬೇರೆ ಕಡೆ ಕೊರೆಸಿದ. ಅವನು ನೆಲದ ಮೇಲೆ ಕೂತು ಹೆಂಗಸರನ್ನು ಕೇಳುತ್ತಿದ್ದ. ಅವರು ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದು ಹೇಳುತ್ತಿದ್ದರು. “ಯಜಮಾನರೇ, ನಿಮಗೆ ಸೇರೂ ಗೊತ್ತಿಲ್ಲ, ಪಾವೂ ಗೊತ್ತಿಲ್ಲ, ಕೊಡಿ ಇಲ್ಲಿ” ಎಂದು ಒಬ್ಬ ಮುದುಕಿ ಅವನ ಕೈಯಿಂದ ಅಳತೆಯ ಪಾತ್ರೆ ಕಿತ್ತುಕೊಂಡದ್ದೂ ಉಂಟು. ಆಗ ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

ವೈದ್ಯಶಾಲೆಯ ಹೆಸರು ಹರಡಿತು. ಬೇರೆ ಪಟ್ಟಣಗಳ ದೊಡ್ಡವರು ನೋಡಲು ಬರತೊಡಗಿದರು. ಅವರು ಬಂದ ದಿನ ಯಾವುದಾದರೂ ಬಾಗಿಲಿನಲ್ಲಿ ಕೆಂಪು ಬಟ್ಟೆ ಇದ್ದರೆ, “ಇಲ್ಲಿ ಏನು ಕೆಟ್ಟಿದೆ?” ಎಂದು ಕೇಳುತ್ತಿದ್ದರು. ಯಜಮಾನನಿಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆ ಅವನೊಳಗೆ ಉಳಿದುಕೊಂಡಿತು. ಅಲ್ಲಿಂದ ಮುಂದೆ ಬಟ್ಟೆ ಕಟ್ಟಿದಾಗ ಅವನು ಬಂದು ಮೊದಲು ಕೇಳುತ್ತಿದ್ದುದು ಒಂದೇ ಮಾತು: “ಯಾರು ಮಾಡಿದ್ದು?”

ಅವನು ಯಾರನ್ನೂ ದಂಡಿಸಲಿಲ್ಲ. ಯಾರನ್ನೂ ಬೈಯಲಿಲ್ಲ. ಹೆಸರು ತಿಳಿದ ಮೇಲೆ ಆ ವ್ಯಕ್ತಿಯನ್ನು ಸ್ವಲ್ಪ ಹೊತ್ತು ನೋಡುತ್ತಿದ್ದ, ಅಷ್ಟೇ. ಅದನ್ನು ತನ್ನ ದಯೆಯೆಂದೇ ತಿಳಿದಿದ್ದ.

ಬಟ್ಟೆಗಳು ಕಡಿಮೆಯಾದವು. ಆಮೇಲೆ ನಿಂತೇ ಹೋದವು. ಯಜಮಾನ ಬಹಳ ಸಂತೋಷಪಟ್ಟ. ಕೋಣೆಗಳಿಗೆ ಹೋಗಬೇಕಾದ ಕಾರಣವೇ ಇಲ್ಲದಂತಾಯಿತು. ಅವನು ಮಹಡಿಯ ಮೇಲಿನ ತನ್ನ ಕೋಣೆಯಲ್ಲಿ ಕೂತು ತೀರ್ಮಾನಗಳನ್ನು ಮಾಡತೊಡಗಿದ. ಅಲ್ಲಿಂದ ಎಲ್ಲ ಬಾಗಿಲುಗಳೂ ಕಾಣುತ್ತಿದ್ದವು. ಜ್ವರದ ಕೋಣೆಯ ಬಾಗಿಲಿನಲ್ಲಿ ಬಹುಕಾಲದಿಂದ ಬಟ್ಟೆ ಕಂಡಿರಲಿಲ್ಲ. ಅಲ್ಲಿ ಕೆಲಸ ಸುಲಭವಾಗಿರಬೇಕು, ಆಳು ಹೆಚ್ಚಾಗಿರಬೇಕು ಎಂದು ಅವನು ಯೋಚಿಸಿದ. ಅಲ್ಲಿದ್ದ ಹೆಂಗಸರಲ್ಲಿ ಒಬ್ಬಳನ್ನು ಉಳಿಸಿ ಮಿಕ್ಕವರನ್ನು ಬೇರೆ ಕಡೆಗೆ ಕಳಿಸಿದ. ಆರೈಕೆಯ ಹೆಂಗಸರ ಮುಖ್ಯಸ್ಥೆಯನ್ನು ಕರೆಸಿ, “ಇದು ಸರಿಯೇ?” ಎಂದು ಕೇಳಿದ. “ನೀವು ಹೇಳಿದಂತೆ” ಎಂದು ಅವಳು ಹೇಳಿದಳು. ಯಾವುದನ್ನು ಕೇಳಿದರೂ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಅವನಿಗೆ ತನ್ನ ಧ್ವನಿಯೇ ಮರಳಿ ಬಂದಂತೆ ಕೇಳಿಸುತ್ತಿತ್ತು.

ಊಟಕ್ಕೆ ಅವನು ಎಲ್ಲರ ಜೊತೆಗೇ ಹೋಗುತ್ತಿದ್ದ. ಅವನು ಕಾಲಿಟ್ಟೊಡನೆ ಮಾತು ನಿಲ್ಲುತ್ತಿತ್ತು. ಹೆಂಗಸರು ಬೇಗ ಬೇಗ ಉಂಡು ಏಳುತ್ತಿದ್ದರು. ಕೊನೆಗೆ ಅವನೇ ಊಟವನ್ನು ಮಹಡಿಗೆ ತರಿಸಿಕೊಳ್ಳತೊಡಗಿದ. ಎಲ್ಲರ ಹೊತ್ತೂ ಉಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಹೀಗಿರುವಾಗ ಅವನು ಕೆಲಸದ ಮೇಲೆ ಪರಸ್ಥಳಕ್ಕೆ ಹೋದವನು ಅಲ್ಲಿ ಬಹಳ ದಿನ ಉಳಿಯಬೇಕಾಯಿತು. ಹಿಂದಿರುಗುವ ದಾರಿಯಲ್ಲಿ ಜ್ವರ ಬಂತು. ಗಡ್ಡ ಬೆಳೆದಿತ್ತು, ಮುಖ ಬತ್ತಿತ್ತು. ದಾರಿಯಲ್ಲಿ ಬಿದ್ದಿದ್ದವನನ್ನು ಬಂಡಿಯವರು ಎತ್ತಿ ತಂದು ವೈದ್ಯಶಾಲೆಯ ಜ್ವರದ ಕೋಣೆಯಲ್ಲಿ ಮಲಗಿಸಿ ಹೋದರು.

ಎಚ್ಚರವಾದಾಗ ತಾನು ಎಲ್ಲಿದ್ದೇನೆಂದು ಅವನಿಗೆ ತಿಳಿಯಿತು. ಆರೈಕೆಯ ಹೆಂಗಸು ಹತ್ತಿರ ಬಂದು ಹಣೆ ಮುಟ್ಟಿದಳು. ಅವಳಿಗೆ ಅವನ ಗುರುತು ಹತ್ತಲಿಲ್ಲ. ಔಷಧ ನೋಡಲು ಬಂದ ಕಿರಿಯ ವೈದ್ಯನಿಗೂ ಹತ್ತಲಿಲ್ಲ. ಮೊದಲು ಅವನಿಗೆ ಇದರಿಂದ ಸಂತೋಷವೇ ಆಯಿತು. ಕೆಲಸ ಹೇಗೆ ನಡೆಯುತ್ತಿದೆಯೆಂದು ಮಲಗಿಕೊಂಡೇ ನೋಡಬಹುದು ಎಂದುಕೊಂಡ. ಹೊತ್ತು ಹೋದಂತೆ ಬೇರೊಂದು ಯೋಚನೆ ಬಂತು. ಈ ವೈದ್ಯಶಾಲೆಯಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಇಲ್ಲಿ ಒಬ್ಬರಿಗೂ ನನ್ನ ಮುಖ ತಿಳಿದಿಲ್ಲ. ಆ ಯೋಚನೆಗೆ ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಪಕ್ಕದ ಮಂಚದಲ್ಲಿ ಒಬ್ಬ ಬಳೆಗಾರನಿದ್ದ. ಜ್ವರ ಇಳಿಯುತ್ತಾ ಬಂದಿತ್ತು. ಮಾತಿಗೆ ಜನ ಸಿಗದೆ ಚಡಪಡಿಸುತ್ತಿದ್ದ.

“ಹೊಸಬರೇನಪ್ಪಾ? ಗೋಡೆ ಜೊತೆ ಏನು ಮಾತು, ಇತ್ತ ತಿರುಗಿ. ಒಂದು ಮಾತು ನೆನಪಿಟ್ಟುಕೊಳ್ಳಿ. ಕಷಾಯ ಕುಡಿಯೋ ಮುಂಚೆ ಮಂಚದ ಕಾಲು ನೋಡಿಕೊಳ್ಳಬೇಕು.”

“ಯಾಕೆ?”

“ಕಾಲಿಗೆ ನೂಲು ಕಟ್ಟಿದ್ದರೆ ಆ ಮಂಚದಲ್ಲಿ ಏನೋ ಎಡವಟ್ಟಾಗಿದೆ ಅಂತ ಅರ್ಥ. ಈ ಹೆಂಗಸರು ತಮ್ಮ ತಮ್ಮಲ್ಲೇ ಮಾಡಿಕೊಂಡ ಗುರುತು. ಒಬ್ಬಳು ಕಟ್ಟಿ ಹೋಗ್ತಾಳಂತೆ, ಆಮೇಲೆ ಬಂದವಳು ನೋಡಿ ಸರಿ ಮಾಡ್ತಾಳಂತೆ.”

“ಅದಕ್ಕೆ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕಲ್ಲವೇ?”

ಬಳೆಗಾರನಿಗೆ ನಗು ಬಂದು, ನಗು ಕೆಮ್ಮಾಯಿತು. “ಕಟ್ಟಿದರೆ ಯಜಮಾನರು ಬರ್ತಾರಲ್ಲ.”

“ಬಂದರೆ ಹೊಡೆಯುತ್ತಾರೆಯೇ?”

“ಹೊಡೆದರೆ ವಾಸಿಯಿತ್ತು ಅಂತಾರೆ ಇವರು. ಹೊಡೆದರೆ ಮುಗಿದುಹೋಗ್ತದೆ. ಅವರು ಸುಮ್ಮನೆ ನೋಡ್ತಾರಂತೆ.”

ಯಜಮಾನ ಬಗ್ಗಿ ತನ್ನ ಮಂಚದ ಕಾಲುಗಳನ್ನು ನೋಡಿದ. ತಪ್ಪುಗಳು ನಿಂತಿರಲಿಲ್ಲ. ಅವುಗಳಿಗೆ ಬೇರೆ ಗುರುತು ಹುಟ್ಟಿಕೊಂಡಿತ್ತು. ಅದು ಹೆಂಗಸರಿಗೆ ಗೊತ್ತಿತ್ತು, ವೈದ್ಯರಿಗೆ ಗೊತ್ತಿತ್ತು, ಜ್ವರದಲ್ಲಿ ಮಲಗಿದ್ದ ಬಳೆಗಾರನಿಗೂ ಗೊತ್ತಿತ್ತು. ಇಡೀ ವೈದ್ಯಶಾಲೆ ಒಂದಾಗಿ ಅವನೊಬ್ಬನನ್ನು ಹೊರಗಿಟ್ಟಿತ್ತು.

ಮರುದಿನ ಬೆಳಿಗ್ಗೆ ಹೆಂಗಸು ಕಷಾಯದ ಬಟ್ಟಲುಗಳನ್ನು ಹಂಚುತ್ತಿದ್ದಳು. ಕೋಣೆ ತುಂಬಿತ್ತು. ಒಬ್ಬ ನೀರು ಕೇಳುತ್ತಿದ್ದ, ಒಬ್ಬ ವಾಂತಿ ಮಾಡುತ್ತಿದ್ದ, ಒಬ್ಬ ಮಂಚದಿಂದ ಜಾರುತ್ತಿದ್ದ. ಅವಳು ಒಬ್ಬಳೇ. ಬಳೆಗಾರ ಬಟ್ಟಲು ಮುಗಿಸಿ ಕೆಳಗಿಟ್ಟ. ಅವಳು ಅದನ್ನು ಎತ್ತಿಕೊಂಡು ಮೂಸಿ ನೋಡಿದಳು. ಅವಳ ಮುಖ ಬಿಳುಪೇರಿತು. ಅದು ಮೂಲೆಯ ಮಂಚದವನಿಗೆ ಕೊಡಬೇಕಾದ ಭೇದಿ ಮಾಡಿಸುವ ಬಿರುಸಾದ ಔಷಧ. ಜ್ವರದಿಂದ ನಿತ್ರಾಣನಾದವನಿಗೆ ಕೊಡಬಾರದ್ದು. ಅವಳು ರೂಢಿಯಂತೆ ಸೆರಗಿನಿಂದ ಒಂದು ನೂಲು ಎಳೆದು, ಬಗ್ಗಿ ಮಂಚದ ಕಾಲಿಗೆ ಕಟ್ಟಿದಳು. ಅಷ್ಟರಲ್ಲಿ ಮೂರನೆಯ ಮಂಚದವನು ಕೆಳಗೆ ಬಿದ್ದ. ಅವಳು ಅತ್ತ ಓಡಿದಳು.

ಯಜಮಾನ ಆ ನೂಲನ್ನು ನೋಡುತ್ತಾ ಮಲಗಿದ್ದ. ಆಮೇಲೆ ಬಂದವಳು ನೋಡಿ ಸರಿಪಡಿಸಬೇಕಿತ್ತು. ಆಮೇಲೆ ಬರುವವಳು ಇರಲಿಲ್ಲ. ಅವಳನ್ನು ಅವನೇ ತೆಗೆದಿದ್ದ.

ಸ್ವಲ್ಪ ಹೊತ್ತಿನಲ್ಲಿ ಬಳೆಗಾರನ ಹೊಟ್ಟೆ ಕೆಟ್ಟಿತು. ಮತ್ತೆ ಮತ್ತೆ ಕೆಟ್ಟಿತು. ಅವನ ಕೈಕಾಲು ತಣ್ಣಗಾದವು. ಯಜಮಾನ ಗೋಡೆ ಹಿಡಿದು ಎದ್ದ. ಗೂಡಿನಲ್ಲಿ ಕೆಂಪು ಬಟ್ಟೆ ಮಡಿಸಿದ ಹಾಗೆಯೇ ಇತ್ತು. ಅದನ್ನು ಬಿಡಿಸಿ ಬಾಗಿಲಿಗೆ ಕಟ್ಟಿದ. ಹಿಂದಿರುಗಿ ಮಂಚದ ಮೇಲೆ ಬಿದ್ದ.

ಕಟ್ಟಳೆಯಂತೆ ಕೆಲಸ ನಿಂತಿತು. ಹೆಂಗಸು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಕಿರಿಯ ವೈದ್ಯ ಓಡಿ ಬಂದು ಹೊಸ್ತಿಲ ಆಚೆ ನಿಂತ.

“ಒಳಗೆ ಬನ್ನಿ. ಇವನನ್ನು ನೋಡಿ” ಎಂದು ಯಜಮಾನ ಮಂಚದಿಂದಲೇ ಹೇಳಿದ.

“ಬಟ್ಟೆ ಕಟ್ಟಿದ್ದಾರೆ. ಯಜಮಾನರು ಬಂದು ಬಿಚ್ಚಬೇಕು. ಅವರಿಲ್ಲದೆ ಏನಾದರೂ ಮಾಡಿ ಅದು ಹೆಚ್ಚುಕಡಿಮೆಯಾದರೆ ನಾನೇನು ಹೇಳಲಿ?” ಎಂದ ವೈದ್ಯ. ಯಜಮಾನರು ಪರಸ್ಥಳದಿಂದ ಬಂದಿರಬಹುದೆಂದು ಮಹಡಿಗೆ ಆಳು ಓಡಿದ. ಅಲ್ಲಿ ಬೀಗ ಹಾಕಿತ್ತು. ಆಳು ಯಜಮಾನನ ಮನೆಗೆ ಓಡಿದ. ಅಲ್ಲಿಯೂ ಬೀಗ ಹಾಕಿತ್ತು. ಬಾಗಿಲ ಬಳಿ ಜನ ಸೇರಿದರು. ಎಲ್ಲರೂ ದಾರಿ ನೋಡುತ್ತಾ ನಿಂತರು.

“ನಾನೇ ಯಜಮಾನ” ಎಂದು ಅವನು ಹೇಳಿದ. ಜ್ವರದವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. “ನಾನು ರಾಜನ ಅಳಿಯ” ಎಂದು ಮೂಲೆಯ ಮಂಚದವನು ಗೊಣಗಿದ. ಯಜಮಾನ ಮತ್ತೆ ಎದ್ದು ಬಾಗಿಲವರೆಗೆ ಹೋದ. ತನ್ನ ಕೈಯಾರೆ ಬಟ್ಟೆಯನ್ನು ಬಿಚ್ಚಿದ. ಆಗ ಮುಖ್ಯಸ್ಥೆ ಅವನ ಮುಖವನ್ನು ದಿಟ್ಟಿಸಿ ನೋಡಿ ಹಿಂದೆ ಸರಿದಳು. ಅವಳು ಹಿಂದೆ ಸರಿದದ್ದರಿಂದಲೇ ಎಲ್ಲರಿಗೂ ಅವನು ಯಾರೆಂದು ತಿಳಿಯಿತು.

ಹೆಂಗಸು ಬಳೆಗಾರನ ಮಂಚದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಯಜಮಾನ “ಯಾರು ಮಾಡಿದ್ದು?” ಎಂದು ಕೇಳುವನೆಂದು ಕಾಯುತ್ತಿದ್ದಳು. ಅವನು ಅದನ್ನು ಕೇಳಲಿಲ್ಲ. “ಏನು ಕುಡಿದಿದ್ದಾನೆಂದು ವೈದ್ಯರಿಗೆ ಹೇಳು, ತಾಯಿ” ಎಂದ. ಅವಳು ಹೇಳಿದಳು. ವೈದ್ಯ ಒಳಗೆ ಬಂದು ಮಾಡಬೇಕಾದುದನ್ನೆಲ್ಲ ಮಾಡಿದ. ಆದರೆ ಹೊಸ್ತಿಲ ಆಚೆ ನಿಂತಿದ್ದಾಗ ಕಳೆದುಹೋದ ಹೊತ್ತು ಮರಳಿ ಬರಲಿಲ್ಲ. ಹಗಲು ಮುಗಿಯುವ ಮೊದಲೇ ಬಳೆಗಾರ ತೀರಿಕೊಂಡ.

ಯಜಮಾನ ಆ ಮಂಚದ ಬಳಿಯೇ ಎಲ್ಲರನ್ನೂ ಕರೆಸಿದ. “ಈ ಕೋಣೆಯಿಂದ ಜನರನ್ನು ತೆಗೆದವನು ನಾನು. ನಾಳೆ ಅವರು ಇಲ್ಲಿಗೆ ಮರಳಿ ಬರುತ್ತಾರೆ. ಬಟ್ಟೆಯನ್ನು ಯಾರು ಬೇಕಾದರೂ ಕಟ್ಟಿ. ಆ ಕೋಣೆಯವರೇ ಕೂಡಿ ಸರಿಪಡಿಸಿ, ನೀವೇ ಬಿಚ್ಚಿ. ನನಗಾಗಿ ಯಾರೂ ಕಾಯಬೇಡಿ” ಎಂದ.

“ನೀವು ಹೇಳಿದಂತೆ” ಎಂದು ಎಲ್ಲರೂ ಹೇಳಿದರು. ತಲೆ ತಗ್ಗಿಸಿಕೊಂಡು ಹೊರಟುಹೋದರು. ಬಳೆಗಾರನ ಮನೆಗೆ ಸುದ್ದಿ ಹೇಳಲು ಯಜಮಾನ ತಾನೇ ಹೋದ. ಜೊತೆಗೆ ಯಾರೂ ಬರಲಿಲ್ಲ. ಅವನು ಯಾರನ್ನೂ ಕರೆಯಲಿಲ್ಲ.

ಮೈ ಚೇತರಿಸಿಕೊಂಡ ಮೇಲೆ ಅವನು ಮಹಡಿಗೆ ಹೋಗಲಿಲ್ಲ. ಜ್ವರದ ಕೋಣೆಯ ಒಳಗೆ, ಹಂಡೆಯ ಪಕ್ಕದಲ್ಲಿ ಒಂದು ಮಣೆ ಹಾಕಿಸಿಕೊಂಡ. ನೀರು ಕೇಳಿದವರಿಗೆ ನೀರು ಕೊಟ್ಟ. ಜಾರಿದವರನ್ನು ಎತ್ತಿ ಮಲಗಿಸಿದ. ಹೆಂಗಸರು ಅವನನ್ನು ಸುತ್ತಿಕೊಂಡು ಹೋಗುತ್ತಿದ್ದರು. ಬಟ್ಟೆ ಗೂಡಿನಲ್ಲಿಯೇ ಇತ್ತು. ಮಂಚದ ಕಾಲುಗಳಲ್ಲಿ ನೂಲುಗಳು ಕಾಣುತ್ತಿದ್ದವು. ಅವನು ಅವುಗಳ ಬಗ್ಗೆ ಕೇಳಲಿಲ್ಲ. ಊಟದ ಹೊತ್ತಿನಲ್ಲಿ ಅವರು ಗುಂಪಾಗಿ ಕೂತರೆ ಅವನು ತನ್ನ ಮಣೆಯಲ್ಲೇ ಉಣ್ಣುತ್ತಿದ್ದ. ಮಹಡಿಯ ಮೇಲೆ ಒಬ್ಬನೇ ಉಂಡದ್ದಕ್ಕಿಂತ, ಅವರ ಮಾತು ಕೇಳುವಷ್ಟು ಹತ್ತಿರದಲ್ಲಿ ಒಬ್ಬನೇ ಉಣ್ಣುವುದು ಕಷ್ಟವಾಗಿತ್ತು. ಮಳೆಗಾಲ ಕಳೆದು ಚಳಿ ಬಂತು. ಅವನು ಅಲ್ಲಿಂದ ಏಳಲಿಲ್ಲ.

ಒಂದು ದಿನ, ಬಳೆಗಾರನಿಗೆ ಕಷಾಯ ಕೊಟ್ಟಿದ್ದ ಆ ಹೆಂಗಸು ಬಿಸಿನೀರಿನ ಗಡಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಅವನ ಮುಂದೆ ಬಂದು ನಿಂತಳು.

“ಸ್ವಲ್ಪ ಆಚೆ ಸರೀರಿ. ಯಾವಾಗಲೂ ದಾರಿಗೆ ಅಡ್ಡ ಕೂತಿರ್ತೀರಿ. ಈ ಮಣೆ ಹಾಕಿದಾಗಿನಿಂದ ನಾವೆಲ್ಲ ಸುತ್ತಿ ಸುತ್ತಿ ಸಾಯ್ತಿದ್ದೇವೆ” ಎಂದಳು.

ಯಜಮಾನ ಎದ್ದು ಮಣೆಯನ್ನು ಸರಿಸಿದ. ಎಷ್ಟೋ ಕಾಲದ ಮೇಲೆ ಆ ವೈದ್ಯಶಾಲೆಯಲ್ಲಿ ಒಬ್ಬರು ಅವನಿಗೆ ಅವನ ತಪ್ಪನ್ನು ಹೇಳಿದ್ದರು. ಅವನು ಗೋಡೆಗೆ ಒರಗಿ ನಿಂತು, ಅವಳು ಹೋಗುವ ದಾರಿಯನ್ನು ನೋಡಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಂಭುಲಿಂಗ ಕೇಳಿದ: “ಹಾಗಾದರೆ ತಪ್ಪು ಮಾಡಿದವರನ್ನು ಕೇಳುವುದೇ ಬೇಡವೇ, ಬುದ್ಧಿ? ಔಷಧ ಬದಲಾದದ್ದು ಆ ಹೆಂಗಸಿನ ಕೈಯಿಂದ. ಬಳೆಗಾರ ಸತ್ತದ್ದು ಸುಳ್ಳಲ್ಲ.”

“ಸುಳ್ಳಲ್ಲ” ಎಂದರು ಗುರುಗಳು. “ಅವಳಿಗೂ ಅದು ಗೊತ್ತಿತ್ತು. ಬದುಕಿರುವವರೆಗೂ ಮರೆಯಲಿಲ್ಲ. ಕೇಳಬೇಡ ಎಂದು ನಾನು ಹೇಳಿಲ್ಲ. ದಾಕ್ಷಾಯಿಣಿ ಆ ದಿನ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಿದ್ದಳು?”

ಶಂಭುಲಿಂಗ ಉತ್ತರ ಹೇಳಲು ಬಾಯಿ ತೆರೆದ. ಅದು ತನಗೆ ತಿಳಿಯದೆಂದು ಆಗ ಅವನಿಗೆ ತಿಳಿಯಿತು. ಅವನು ಹಿಂದಿರುಗಿ ನೋಡಿದ. ದಾಕ್ಷಾಯಿಣಿ ತಲೆ ಎತ್ತಿದ್ದಳು; ಆದರೆ ಅವನು ಕೇಳದೆ ಅವಳು ಹೇಳುವಂತಿರಲಿಲ್ಲ.

ಗುರುಗಳು ಎದ್ದು ನಿಂತರು. ಶಂಭುಲಿಂಗನನ್ನು ದಾಟಿ, ಜಗಲಿಯ ಮೇಲಿದ್ದ ಎಲ್ಲರಿಗೂ ಕೇಳಿಸುವಂತೆ ಹೇಳಿದರು:

“ದಾಕ್ಷಾಯಿಣಿಯ ವಿಷಯದಲ್ಲಿ ನಾಳೆ ಯಾವ ತೀರ್ಮಾನವೂ ಇಲ್ಲ. ನಾಳೆ ಶಂಭುಲಿಂಗ ಅವಳ ವಾರ್ಡಿನಲ್ಲಿ, ಅವಳ ಕೈಕೆಳಗೆ, ಒಂದು ಪೂರ್ತಿ ಪಾಳಿ ಕೆಲಸ ಮಾಡುತ್ತಾನೆ.”